ಒಂಬತ್ತು ಪ್ರತಿ, ಮೂರು ಹೆಣ

ನನ್ನ ಕಾದಂಬರಿಯ ಮೊದಲ ಓದುಗ ಶಿರಸಿಯ ಒಂದು ಜೆರಾಕ್ಸ್ ಅಂಗಡಿಯ ಹುಡುಗ. ಅವನಿಗೆ ನಾನು ಓದಲು ಕೊಟ್ಟಿರಲಿಲ್ಲ. 2025ರ ಜನವರಿಯಲ್ಲಿ ಪೆನ್‌ಡ್ರೈವ್ ಕೊಟ್ಟು, "212 ಪುಟ, ಒಂಬತ್ತು ಪ್ರತಿ, ಸ್ಪೈರಲ್ ಹಾಕಿಬಿಡಪ್ಪ" ಎಂದು ಹೇಳಿ ತರಕಾರಿ ತರಲು ಹೋಗಿದ್ದೆ. ಬರುವಷ್ಟರಲ್ಲಿ ಮಿಷನ್ ತನ್ನ ಪಾಡಿಗೆ ಕಾಗದ ಉಗುಳುತ್ತಿತ್ತು. ಹುಡುಗ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಎಪ್ಪತ್ತನೇ ಪುಟದಲ್ಲಿದ್ದ.

"ಅಕ್ಕಾ, ಈ ಅಕ್ಕಯ್ಯ ಕೊನೆಗೆ ಸಿಕ್ಕಿಬೀಳ್ತಾರಾ?"

"ಯಾಕೆ?"

"ಸಿಕ್ಕಿಬೀಳೋದು ಬೇಡ."

ಅಷ್ಟೆ. ದುಡ್ಡು ಎಣಿಸಿಕೊಂಡು ಮುಂದಿನ ಗಿರಾಕಿಯ ಆಧಾರ್ ಕಾರ್ಡ್ ಕೈಗೆತ್ತಿಕೊಂಡ. ಆಮೇಲಿನ ಹತ್ತು ತಿಂಗಳಲ್ಲಿ ಒಂಬತ್ತು ಜನ ಓದಿ ನೂರೆಂಟು ಮಾತು ಹೇಳಿದರು. ಇಷ್ಟು ನೇರವಾಗಿ ಹೇಳಿದವರು ಕಡಿಮೆ.

ಕಥೆ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಘಟ್ಟದ ಮೇಲಿನ ಒಂದು ಅಡಿಕೆ ತೋಟದ ಮನೆಯ ಮಗಳು. ಗಂಡ ತೀರಿಕೊಂಡಿದ್ದಾನೆ. ಮದುವೆ, ಮುಂಜಿ, ಶ್ರಾದ್ಧದ ಮನೆಗಳಿಗೆ ಅಡುಗೆಗೆ ಹೋಗಿ ಬದುಕುತ್ತಾಳೆ. ಊರೆಲ್ಲ ಅವಳನ್ನು 'ಅಕ್ಕಯ್ಯ' ಎನ್ನುತ್ತದೆ. ಅವಳ ಪಾಲು ತಪ್ಪಿಸಿದವರು ಮೂವರು. ತಮ್ಮ, ನಡುವೆ ನಿಂತು ಪಂಚಾಯ್ತಿ ಮಾಡಿದ ಸೋದರಮಾವ, ಕಾಗದ ಬರೆದುಕೊಟ್ಟವ. ಮೂವರೂ ಸಾಯುತ್ತಾರೆ. ಆದರೆ ಅಕ್ಕಯ್ಯ ಯಾರನ್ನೂ ಮುಟ್ಟುವುದಿಲ್ಲ. ಕಾಗದ ಬರೆದವನಿಗೆ ಊಟದ ನಂತರ ಎರಡು ಲೋಟ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ಹುಳಿಸಾರು ಕೊಟ್ಟು, ನಿದ್ದೆ ಬಂದಾಗ ಹಲಸಿನ ಮರದ ಕೆಳಗೆ ಚಾಪೆ ಹಾಸುತ್ತಾಳೆ. ಮೇಲೆ ಹಣ್ಣು ತೂಗುತ್ತಿರುತ್ತದೆ. ಸೋದರಮಾವ ಹಳೇ ಕಾಗದ ಹುಡುಕಲು ಅಟ್ಟ ಹತ್ತಿದಾಗ, ಪಕ್ಕದ ಮನೆಯವರು ಕೇಳಿದರೆಂದು ಏಣಿ ಕೊಟ್ಟು ಕಳಿಸುತ್ತಾಳೆ. ತಮ್ಮನದು ಇನ್ನೂ ಸರಳ. ತೋಟದ ಹಳ್ಳ ದಾಟಲು ಹಾಕಿದ ಕಾಲುಸಂಕ ಲಡ್ಡಾಗಿ ಮುರಿಯುವಂತಾಗಿದೆ ಎಂದು ಪ್ರತಿ ವರ್ಷ ಹೇಳುತ್ತಿದ್ದವಳು, ಆ ವರ್ಷ ಹೇಳುವುದಿಲ್ಲ.

ನಗಬೇಕು, ನಕ್ಕ ಮೇಲೆ ಒಂದು ಕ್ಷಣ ನಾಚಿಕೆಯಾಗಬೇಕು. ನನ್ನ ಆಸೆ ಇಷ್ಟೇ ಇತ್ತು.

ಓದುವವರಿಗೆಂದು ಐದು ಪ್ರಶ್ನೆಗಳ ಚೀಟಿಯನ್ನೂ ಇಟ್ಟಿದ್ದೆ. ಎಲ್ಲಿ ನಗು ಬಂತು, ಎಲ್ಲಿ ಬೇಜಾರಾಯಿತು, ಹೀಗೆ. ಯಾರೂ ಅದನ್ನು ತುಂಬಲಿಲ್ಲ. ನಾದಿನಿ ಅದರ ಹಿಂದೆ ದಿನಸಿ ಪಟ್ಟಿ ಬರೆದಿದ್ದಳು. ಒಂದು ಕಿಲೋ ಉದ್ದಿನಬೇಳೆ, ಅರ್ಧ ಕಿಲೋ ಬೆಲ್ಲ. ಕಚೇರಿಯ ಸಹೋದ್ಯೋಗಿಯೊಬ್ಬರು ಪ್ರತಿಯನ್ನು ಬಸ್ಸಿನಲ್ಲೇ ಮರೆತರು. ಅದು ಈಗ ಯಾರ ಮನೆಯಲ್ಲಿ ಇದೆಯೋ.

ಇನ್ನು 'ಅಡ್ಡಿಲ್ಲೆ'. ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ಶಬ್ದ ಬಿಡಿಸಿ ಹೇಳಬೇಕಿಲ್ಲ. ಊಟ ಹೇಗಿತ್ತು ಎಂದರೆ ಅಡ್ಡಿಲ್ಲೆ. ಸೊಸೆ ಹೇಗೆ ಎಂದರೆ ಅಡ್ಡಿಲ್ಲೆ. ಆಪರೇಷನ್ ಆದ ಮೇಲೆ ಹೇಗಿದ್ದೀರಿ ಎಂದರೂ ಅಡ್ಡಿಲ್ಲೆ. ಚೆನ್ನಾಗಿದೆ, ಚೆನ್ನಾಗಿಲ್ಲ, ಓದಿಲ್ಲ, ಓದಿದ್ದೇನೆ ಆದರೆ ನಿನ್ನ ಹತ್ತಿರ ಆ ವಿಷಯ ಮಾತಾಡುವುದು ಬೇಡ, ಎಲ್ಲದಕ್ಕೂ ಅದೊಂದೇ. ಮೊದಲ ತಿಂಗಳು ನನಗೆ ಸಿಕ್ಕಿದ್ದು ಐದು ಅಡ್ಡಿಲ್ಲೆ. ಆಮೇಲೆ 'ಹೇಗಿದೆ' ಎಂದು ಕೇಳುವುದನ್ನೇ ಬಿಟ್ಟೆ. 'ಎಷ್ಟನೇ ಪುಟದಲ್ಲಿ ಮಡಚಿ ಇಟ್ಟು ಎದ್ದಿರಿ?' ಎಂದು ಕೇಳತೊಡಗಿದೆ. ಇದಕ್ಕೆ ಜನ ಸುಳ್ಳು ಹೇಳುವುದಿಲ್ಲ. ನಾಲ್ಕು ಜನ ಎದ್ದದ್ದು 20ರಿಂದ 35ನೇ ಪುಟದ ನಡುವೆ. ಅಕ್ಕಯ್ಯನಿಗೆ ಯಾಕೆ ಸಿಟ್ಟು ಬಂತು ಎಂದು ನಾನು ಹದಿನೈದು ಪುಟ ವಿವರಿಸಿದ್ದೆನಲ್ಲ, ಅಲ್ಲಿ.

ಗಂಡ ಮೂರು ದಿನದಲ್ಲಿ ಓದಿ ಮುಗಿಸಿ, ಅಂದು ರಾತ್ರಿ ತಂಬುಳಿ ಬಡಿಸಿದಾಗ ಬಟ್ಟಲನ್ನು ಮೂಸಿ ನೋಡಿದರು. ಈ ತಮಾಷೆಯನ್ನು ಹನ್ನೊಂದು ಬಾರಿ, ಹನ್ನೊಂದು ಜನರಿಂದ ನೋಡಿದ್ದೇನೆ. ಓದದವರೂ ಮಾಡಿದ್ದಾರೆ. ಹನ್ನೆರಡನೆಯವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಅಡುಗೆ ನೀವೇ ಮಾಡಿಕೊಳ್ಳಿ.

ತುಂಬಾ ಉಪಯೋಗವಾದದ್ದು ಅಕ್ಷರ ಓದದ ಒಬ್ಬರಿಂದ. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡರು. ಮರದಿಂದ ಮರಕ್ಕೆ ಹಾರುತ್ತಾ ದಿನವಿಡೀ ಮೇಲೆಯೇ ಇರುವ ಮನುಷ್ಯ. ಅವರಿಗೆ ಮಧ್ಯಾಹ್ನದ ಚಾ ಹೊತ್ತಿನಲ್ಲಿ ತಮ್ಮ ಸಾಯುವ ಅಧ್ಯಾಯ ಓದಿ ಹೇಳಿದೆ. ತಮ್ಮ ಔಷಧಿ ಹೊಡೆಸಲು ತೋಟಕ್ಕೆ ಹೊರಡುತ್ತಾನೆ, ಸಂಕ ಮುರಿಯುತ್ತದೆ, ಹಳ್ಳದ ಸೆಳವು ಎಳೆದುಕೊಂಡು ಹೋಗುತ್ತದೆ. ಪೂರ್ತಿ ಕೇಳಿ, ಕವಳ ಉಗುಳಿ ಬಂದು ಅವರು ಕೇಳಿದ್ದು ಒಂದೇ.

"ಅಮಾ, ಮಾಘದಲ್ಲಿ ಔಷಧಿ ಹೊಡೆಯೋದು ಯಾರು?"

ಹೌದಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ಹೊಡೆಯುವುದು ಕೊಳೆ ರೋಗಕ್ಕೆ. ಕೊಳೆ ಬರುವುದು ಮಳೆಗಾಲದಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ ಹೊಡೆದು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಕೆಲವರು ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಾರೆ. ಮಾಘದಲ್ಲಿ ನಮ್ಮ ಹಳ್ಳದಲ್ಲಿ ಮೊಣಕಾಲು ನೀರೂ ಇರುವುದಿಲ್ಲ, ಬಿದ್ದವನು ಪಂಚೆ ಕೊಡವಿಕೊಂಡು ಎದ್ದು ಬರುತ್ತಾನೆ. ತೋಟದ ಮನೆಯಲ್ಲಿ ಹುಟ್ಟಿದವಳು ನಾನು. ಜಾತ್ರೆಯ ಗದ್ದಲ ಹಿನ್ನೆಲೆಗೆ ಬೇಕೆಂದು ಸಾವನ್ನು ಮಾಘಕ್ಕೆ ತಂದು ಕೂರಿಸಿದ್ದೆ. ಕೊಲೆ ಸರಿಯೋ ತಪ್ಪೋ ಎಂದು ಅವರು ಒಂದು ಮಾತೂ ಆಡಲಿಲ್ಲ. ತಿಂಗಳು ತಪ್ಪು ಎಂದರು, ಅಷ್ಟೆ. ತಮ್ಮನ ಸಾವು ಆಷಾಢಕ್ಕೆ ಹೋಯಿತು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಫೋನ್ ಮಾಡಿ, "ಅತ್ತೆ, ಮೊದಲ ಹೆಣ 62ನೇ ಪುಟದಲ್ಲಿ ಬರುತ್ತೆ. ಅಲ್ಲಿವರೆಗೆ ಯಾರು ಕಾಯ್ತಾರೆ?" ಎಂದಳು. ಅವಳು ಹೇಳಿದ್ದು ಸರಿ. ಆದರೆ ಅವಳಿಂದಾದ ಇನ್ನೊಂದು ಕೆಲಸ ನಾನು ಎಣಿಸಿರಲಿಲ್ಲ. ರಜೆಗೆ ಬಂದಾಗ ಪ್ರತಿಯನ್ನು ತವರುಮನೆಯ ಜಗಲಿಯಲ್ಲಿ ಬಿಟ್ಟು ಹೋಗಿದ್ದಾಳೆ. ಅಣ್ಣ ಓದಿದ್ದಾನೆ. ನನಗೆ ಒಂದು ಮಾತೂ ಹೇಳಲಿಲ್ಲ. ಮೇ ತಿಂಗಳಲ್ಲಿ ಹೋದಾಗ ನೋಡುತ್ತೇನೆ, ತೋಟದ ಹಳೇ ಕಾಲುಸಂಕ ಕಿತ್ತು ಸಿಮೆಂಟಿನದು ಹಾಕಿಸಿದ್ದಾನೆ. ಎರಡೂ ಬದಿಗೆ ಕಬ್ಬಿಣದ ಪೈಪು. ಮಳೆಗಾಲ ಬಂತಲ್ಲ, ಅದಕ್ಕೇ ಎಂದ. ಪುಸ್ತಕದಿಂದ ಸಮಾಜಕ್ಕೆ ಏನು ಲಾಭ ಎಂದು ಕೇಳುವವರಿಗೆ ಆ ಸಂಕ ತೋರಿಸಬಹುದು.

ಕುಮಟಾದ ನಿವೃತ್ತ ಮಾಸ್ತರು ಕೆಂಪು ಪೆನ್ನು ಹಿಡಿದು ಓದಿದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಅಲ್ಪಪ್ರಾಣ, ಮಹಾಪ್ರಾಣದ 47 ತಪ್ಪು ಹಿಡಿದರು. ಕೊನೆಗೆ ಪ್ರತಿ ಮುಚ್ಚಿ, "ತಂಗೀ, ಭಾಷೆ ಚೊಲೋ ಉಂಟು. ಆದ್ರೆ ಹೆಣ್ಣುಮಕ್ಕಳು ಹೀಗೆ ಮಾಡ್ತಾರಾ?" ಎಂದರು. ಕೊಲ್ಲುವುದಾ ಎಂದು ಕೇಳಿದೆ. ಅಲ್ಲವಂತೆ. "ಕೊಲ್ಲಲಿ. ಸಿಟ್ಟು ಬಂದಿದೆ, ಅನ್ಯಾಯ ಆಗಿದೆ. ಆದ್ರೆ ಮಾರನೇ ದಿನ ಕೂತು ತೊಡದೇವು ಮಾಡ್ತಾಳಲ್ಲ, ಅದು ನನಗೆ ಜೀರ್ಣ ಆಗೋದಿಲ್ಲ. ಒಂದು ಸಲವಾದ್ರೂ ಅಳಬೇಕಿತ್ತು. ಇಲ್ಲಾ ಪೊಲೀಸರು ಬರಬೇಕಿತ್ತು."

ಅಕ್ಕಯ್ಯ ಸೂತಕ ಕಳೆದ ಮೇಲೆ ಯಾರದೋ ಮದುವೆಗೆ ಗಡಿಗೆ ಬೋರಲು ಹಾಕಿ, ಅದರ ಬೆನ್ನ ಮೇಲೆ ತೆಳ್ಳಗೆ ತೊಡದೇವು ಎಂಬ ಹಾಳೆಯಂಥ ಸಿಹಿತಿಂಡಿ ಎರೆಯುತ್ತಾಳೆ. ಒಂದೂ ಹರಿಯುವುದಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಮಾರನೇ ದಿನ ಅಲ್ಲ, ಹದಿನಾಲ್ಕನೇ ದಿನ ಎಂದು ಮಾಸ್ತರರಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಆದರೆ ಆ ಮಾತು ತಲೆಯಲ್ಲಿ ಕೂತಿತು. ಆಮೇಲೆ ಬೇರೆಯವರ ಮಾತನ್ನು ಮತ್ತೆ ನೆನಪಿಸಿಕೊಂಡು ನೋಡಿದರೆ, ಹೆಚ್ಚುಕಮ್ಮಿ ಎಲ್ಲರಿಗೂ ಮುಳ್ಳಾಗಿದ್ದು ಅದೇ ತೊಡದೇವು. ಹೆಣಗಳ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಕಾರವಾರದ ಗೆಳತಿಯದು ಪೂರ್ತಿ ಉಲ್ಟಾ. ಅವಳ ಹತ್ತಿರ ಮುಖಾಮುಖಿ ಕೇಳಬೇಕೆಂದು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬಸ್ಸಿನಲ್ಲಿ ಹೋದೆ. ಟಾಗೋರ್ ಕಡಲತೀರದಲ್ಲಿ ಕೂತೆವು. ಬಂದವಳೇ ಶುರು ಮಾಡಿದಳು.

"ಕೊಲ್ಲೋಕೆ ಮುಂಚೆ ಅವಳು ಅರ್ಜಿ ಯಾಕೆ ಬರೀತಾಳೆ?"

"ಯಾವ ಅರ್ಜಿ?"

"ಆ ಹದಿನೈದು ಪುಟ. ನನಗೆ ಹೀಗಾಯ್ತು, ಹಾಗಾಯ್ತು, ಆದ ಕಾರಣ ದಯವಿಟ್ಟು ಸೇಡು ತೀರಿಸಿಕೊಳ್ಳಲು ಅನುಮತಿ ಕೊಡಬೇಕು ಅಂತ. ಗಂಡಸು ಕೊಲ್ಲೋ ಕಥೆಯಲ್ಲಿ ಒಂದು ಪ್ಯಾರಾದಲ್ಲಿ ಮುಗೀತದೆ. ಇವಳಿಗೆ ಮಾತ್ರ ಇಷ್ಟು ದಾಖಲೆ ಬೇಕಾ?"

ಆಮೇಲೆ, ಪುಸ್ತಕದಲ್ಲಿ ಒಂದೇ ಒಂದು ಬಂಗಡೆ ಮೀನು ಇಲ್ಲ ಎಂದೂ ಬೈದಳು. ಅದಕ್ಕೆ ನಾನೇನೂ ಮಾಡುವಂತಿರಲಿಲ್ಲ, ಅಕ್ಕಯ್ಯ ಶ್ರಾದ್ಧದ ಅಡುಗೆಯವಳು. ಹೊರಡುವಾಗ ಅವಳೇ ನೆನಪಿಸಿದಳು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದ ರವೀಂದ್ರನಾಥ ಟಾಗೋರ್ ಕಾರವಾರದಲ್ಲಿ ಬರೆದ ನಾಟಕದ ಹೆಸರು 'ಪ್ರಕೃತಿರ್ ಪ್ರತಿಶೋಧ್'. ಪ್ರಕೃತಿಯ ಸೇಡು. "ನಮ್ಮ ಊರಿಗೂ ಸೇಡಿಗೂ ನಂಟು ಹಳೇದು" ಎಂದು ನಕ್ಕಳು. ಆ ನಾಟಕಕ್ಕೂ ನನ್ನ ಹಲಸಿನ ಹಣ್ಣಿಗೂ ಯಾವ ಸಂಬಂಧವೂ ಇಲ್ಲ. ಸುಮ್ನೆ ಖುಷಿಯಾಯಿತು.

ಮಾರ್ಚ್‌ನಲ್ಲಿ ಹೋಳಿ. ಶಿರಸಿಯಲ್ಲಿ ಆ ವರ್ಷ ಬೇಡರ ವೇಷ. ಇದು ಎರಡು ವರ್ಷಕ್ಕೊಮ್ಮೆ. ಮಾರಿಕಾಂಬಾ ಜಾತ್ರೆ ಇದ್ದ ವರ್ಷ ಇದು ಇರುವುದಿಲ್ಲ, ಇದು ಇದ್ದ ವರ್ಷ ಜಾತ್ರೆ ಇರುವುದಿಲ್ಲ. ರಾತ್ರಿ ತಮಟೆ ಶುರುವಾದರೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ಕತ್ತಿ ಗುರಾಣಿ ಹಿಡಿದ ಬೇಡ ಜನರ ಮೇಲೆ ಎಗರಿ ಬರುತ್ತಾನೆ. ಹಿಂದೆ ಇಬ್ಬರು ಹಗ್ಗ ಹಿಡಿದು ಎಳೆಯುತ್ತಾರೆ. ಮಕ್ಕಳು ಕಿರುಚುತ್ತವೆ. ನಾನೂ ಸಣ್ಣವಳಿದ್ದಾಗ ಕಿರುಚಿದ್ದೇನೆ. ಅದರ ಹಿಂದಿನ ಕಥೆ ಊರಿಗೆಲ್ಲ ಗೊತ್ತು. ಸೋದೆ ಅರಸರ ಕಾಲದಲ್ಲಿ ಊರು ಕಾಯಲು ನೇಮಕವಾದ ಮಲ್ಲೇಶಿ ಎಂಬುವನು ಊರಿಗೇ ಕಂಟಕನಾದ. ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆ ಅವನನ್ನು ಮದುವೆಯಾಗಿ, ಹೋಳಿಯ ರಾತ್ರಿ ಕುಣಿಯುತ್ತಿದ್ದವನ ಕಣ್ಣು ಕಳೆದು ಜನರ ಕೈಗೆ ಸಿಗುವಂತೆ ಮಾಡಿದಳು. ಜನ ಅವನನ್ನು ಸುಟ್ಟರು. ಅವಳೂ ಅದೇ ಬೆಂಕಿಗೆ ಹೋದಳು.

ಪಕ್ಕದಲ್ಲಿ ನಾದಿನಿ ಐಸ್‌ಕ್ರೀಮ್ ತಿನ್ನುತ್ತಾ ನಿಂತಿದ್ದಳು. ನನಗೆ ಅಲ್ಲಿ ಹೊಳೆಯಿತು. ಇದೂ ಅದೇ ಕಥೆಯಲ್ಲವಾ? ಹಿಂದಿನ ವರ್ಷ, 2024ರಲ್ಲಿ, ಜಾತ್ರೆಯ ಕೊನೇ ದಿನ ಮಾತಂಗಿ ಚಪ್ಪರಕ್ಕೆ ಬೆಂಕಿ ಬಿದ್ದಾಗ ನಾನು ಅಲ್ಲೇ ನಿಂತಿದ್ದೆ. ಈ ಕಾದಂಬರಿ ಬರೆಯಬೇಕೆಂದು ಅನಿಸಿದ್ದೇ ಆಗ. ಮೋಸದಿಂದ ಮದುವೆಯಾದವನ ಮನೆಗೆ ಬೆಂಕಿ ಇಟ್ಟ ಹೆಣ್ಣು, ಕೋಣನೊಳಗೆ ಅಡಗಿದವನನ್ನೂ ಬಿಡದವಳು, ಮಾರಿಯಾದಳು ಎಂದು ಹೇಳುವ ಕಥೆ. ಆ ಕಥೆಯೊಳಗೆ ಜಾತಿಯ ಕೊಳಕೂ ಇದೆ, ಅದನ್ನು ಮುಚ್ಚಿಟ್ಟು ಹೇಳಲು ನನಗೆ ಮನಸ್ಸಿಲ್ಲ. ಆದರೂ ಲೆಕ್ಕ ನೋಡಿ. ಒಂದು ವರ್ಷ ಜಾತ್ರೆ, ಮರುವರ್ಷ ಬೇಡರ ವೇಷ. ನಮ್ಮ ಶಿರಸಿ ಪ್ರತಿ ವರ್ಷವೂ ಒಬ್ಬ ಹೆಣ್ಣಿನ ಸೇಡಿನ ಹಬ್ಬ ಮಾಡುತ್ತದೆ. ಮಂಡಕ್ಕಿ, ಬಲೂನು, ತೊಟ್ಟಿಲು ಸಮೇತ.

ಒಬ್ಬಳು ಬೆಂಕಿಗೆ ಹೋದಳು. ಇನ್ನೊಬ್ಬಳು ದೇವಿಯಾದಳು. ತೊಡದೇವು ಮಾಡುತ್ತಾ ಕೂತವಳು ಯಾರೂ ಇಲ್ಲ. ಮಾಸ್ತರರಿಗೆ ಜೀರ್ಣವಾಗದ್ದು ಯಾಕೆ ಎಂದು ಅಂದು ರಾತ್ರಿ ಗೊತ್ತಾಯಿತು. ಅವರ ಮೇಲಿನ ಸಿಟ್ಟು ಇಳಿಯಿತು.

ಹೊನ್ನಾವರದ ಕಡೆಯ ಮಾವನವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅವರಿಗೆ ಇದನ್ನೆಲ್ಲ ಹೇಳಿದಾಗ, "ನೀನು ಆಟದಲ್ಲಿ ಹೆಣ್ಣು ಬಣ್ಣ ನೋಡಿಲ್ಲವಾ?" ಎಂದರು. ಯಕ್ಷಗಾನದ ರಾಕ್ಷಸಿ ವೇಷಗಳು, ಶೂರ್ಪನಖಿ, ಅಜಮುಖಿ. ಮೀಯುತ್ತಾಳೆ, ತಲೆ ಬಾಚುತ್ತಾಳೆ, ಸಿಂಗಾರ ಮಾಡಿಕೊಳ್ಳುತ್ತಾಳೆ, ಸಭೆಯೆಲ್ಲ ನಗುತ್ತದೆ. ಆಮೇಲೆ ಒಂದು ಕೂಗು ಹಾಕುತ್ತಾಳೆ, ಮುಂದಿನ ಸಾಲಿನ ಮಕ್ಕಳು ಅಜ್ಜಿಯ ಸೆರಗಿನೊಳಗೆ. "ನಗು ಬೇರೆ ಹೆದರಿಕೆ ಬೇರೆ ಅಂತ ಇಟ್ಟುಕೊಳ್ಳಬೇಡ. ಅವಳು ತಲೆ ಬಾಚುವಾಗಲೇ ಹೆದರಿಕೆ ಶುರುವಾಗಬೇಕು." ಆ ಒಂದು ಮಾತಿಗೆ ಅವರಿಗೆ ಒಂದು ಶಾಲು ಹೊದೆಸಬಹುದು. ನನ್ನ ಪ್ರತಿಯಲ್ಲಿ ತಮಾಷೆಯ ಅಧ್ಯಾಯ, ಸಾವಿನ ಅಧ್ಯಾಯ ಒಂದಾದ ಮೇಲೊಂದು ಪಾಳಿಯಲ್ಲಿ ಬರುತ್ತಿದ್ದವು. ಅಪ್ಪೆಹುಳಿಗೆ ಒಗ್ಗರಣೆ ಹಾಕುವ ಪುಟವನ್ನು ಮತ್ತೆ ಬರೆದೆ. ಸಾಸಿವೆ ಸಿಡಿಯುವ ಸದ್ದು ಮೂರು ಸಾಲು ಜಾಸ್ತಿ ಮಾಡಿದೆ.

ಮಳೆಗಾಲದಲ್ಲಿ ತಿದ್ದಲು ಕೂತಾಗ ಇನ್ನೊಬ್ಬ ಓದುಗರು ಎಲ್ಲವನ್ನೂ ಬುಡಮೇಲು ಮಾಡಿದರು. ಪರಿಚಯದ ಬಾಂಡ್ ರೈಟರ್ ಒಬ್ಬರು. ತಮ್ಮ ವೃತ್ತಿಯವನೇ ಹಲಸಿನ ಹಣ್ಣಿಗೆ ಬಲಿಯಾದ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ಅಕ್ಕಯ್ಯನಿಂದ ಸೊಸೈಟಿ ಸಾಲದ ಕಾಗದವೆಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು ಎಂದು ನಾನು ಬರೆದಿದ್ದೆ. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ.

"ಈಗ ನೋಂದಣಿ ಅಂದ್ರೆ ಕಂಪ್ಯೂಟರ್ ಎದುರು ಕೂರಿಸಿ ಫೋಟೊ ತೆಗೀತಾರೆ, ಹೆಬ್ಬೆಟ್ಟು ತಗೋತಾರೆ. ಸಾಲದ ಕಾಗದ ಅಂತ ನಂಬಿಸೋದು ಅಷ್ಟು ಸುಲಭ ಅಲ್ಲ, ತಂಗಿ. ನಾನು ಕಂಡ ಹೆಣ್ಣುಮಕ್ಕಳಿಗೆಲ್ಲ ಅದು ಏನು ಅಂತ ಗೊತ್ತಿತ್ತು. 2005ರಲ್ಲಿ ಕಾನೂನು ಬದಲಾಗಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಬಂತಲ್ಲ, ಅದೂ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕ್ತಾರೆ."

"ಯಾಕೆ?"

"ತವರಿನ ಬಾಗಿಲು ಬೇಕಲ್ಲ."

ಮನೆಗೆ ಬಂದು ಆ ಹದಿನೈದು ಪುಟ ಕಿತ್ತು ಹಾಕಿದೆ. ಅಕ್ಕಯ್ಯನಿಗೆ ಈಗ ಯಾರೂ ಮೋಸ ಮಾಡುವುದಿಲ್ಲ. ಅವಳೇ ಹೋಗಿ ಫೋಟೊಕ್ಕೆ ಕೂರುತ್ತಾಳೆ. ಸರಿಯಾಗಿ ಕೂರಿ ಎಂದರೆ ಸೆರಗು ಸರಿಮಾಡಿಕೊಂಡು ನಗುತ್ತಾಳೆ ಕೂಡ. ನಾಲ್ಕೇ ಪುಟ. ಕಾರವಾರದ ಗೆಳತಿಗೆ ಅರ್ಜಿ ಹರಿದುಹಾಕಿದೆ ಎಂದು ಫೋನ್ ಮಾಡಿ ಹೇಳಿದೆ. ಆದರೆ ಪುಟ ಇನ್ನೂ ಒಣಒಣ ಅನಿಸುತ್ತಿತ್ತು. ಏನೋ ಇಲ್ಲ. ಏನೆಂದು ಗೊತ್ತಿಲ್ಲ.

ಆಯಿಯ, ಅಂದರೆ ನನ್ನ ಅಮ್ಮನ ಬಗ್ಗೆ ಇಷ್ಟು ಹೊತ್ತು ಹೇಳಲಿಲ್ಲ. ಅವಳಿಗೆ 74. ಭೂತಗನ್ನಡಿ ಹಿಡಿದು ದಿನಕ್ಕೆ ಆರು ಪುಟ ಓದುತ್ತಿದ್ದಳು. ರಾತ್ರಿ ಕೋಣೆಯಿಂದ ನಗು ಕೇಳಿಸುತ್ತಿತ್ತು. ಹಲಸಿನ ಹಣ್ಣು ಬಿದ್ದ ದಿನ ಊಟದ ಹೊತ್ತಿಗೆ ಬಂದು, "ಮುಂದಿನಾಂವ ಯಾವಾಗ ಸಾಯ್ತ?" ಎಂದು ಕೇಳಿದಳು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ. ನಮ್ಮ ಮನೆಮಾತಿನಲ್ಲಿ 'ನಾನು' ಎನ್ನಲು 'ಆನು' ಎನ್ನುತ್ತೇವೆ, ಹೆಂಗಸಿಗೂ 'ಬಂತು' ಎನ್ನುತ್ತೇವೆ. ಮಳೆ ಬಂತು, ಅಕ್ಕಯ್ಯ ಬಂತು. ಆಯಿ ಕಥೆಯನ್ನು ಮಾತಿನಲ್ಲಿ ಹೇಳುವಾಗ ಅಕ್ಕಯ್ಯ ಏಣಿ ತೆಗೆಸಿದ್ದು ಗಾಳಿಗೆ ಮರ ಬಿದ್ದಷ್ಟೇ ಸಹಜವಾಗಿ ಕೇಳಿಸುತ್ತಿತ್ತು. ಪೂರ್ತಿ ಮುಗಿಸಿದ ಮೇಲೆ ಅವಳು ಹೇಳಿದ್ದೂ ಅಡ್ಡಿಲ್ಲೆ ಎಂದೇ.

ಅಕ್ಟೋಬರ್‌ನಲ್ಲಿ ಎರಡು ಕೊನೆ ಬರೆದು ಅವಳ ಕೈಗೆ ಕೊಟ್ಟೆ. ಒಂದು ಹಳೇದು. ಇನ್ನೊಂದು ಮಾಸ್ತರರಿಗಾಗಿ ಬರೆದದ್ದು. ಅದರಲ್ಲಿ ಅಕ್ಕಯ್ಯ ತಮ್ಮನ ಫೋಟೊ ಮುಂದೆ ಕೂತು ಬೆಳಗಿನ ತನಕ ಅಳುತ್ತಾಳೆ. ಚೆನ್ನಾಗಿಯೇ ಬಂದಿತ್ತು, ಹೇಳಿಕೊಳ್ಳಬಾರದು ಆದರೂ ಹೇಳುತ್ತೇನೆ. ಆಯಿ ಹೊರಗೆ ಜಗಲಿಯಲ್ಲಿ ಅಡಿಕೆ ಸುಲಿಯುವವರ ಪಕ್ಕ ಕೂತು ಎರಡನ್ನೂ ಓದಿದಳು. ಎರಡನೆಯದನ್ನು ವಾಪಸ್ ಚಾಚಿದಳು.

"ಇದು ಎಂತಕ್ಕೆ ಅಳ್ತು?"

"ತಮ್ಮ ಸತ್ತ ಅಲ್ದಾ."

ಅವಳು ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿದಳು. ಸುಮಾರು ಹೊತ್ತು ಒರೆಸಿದಳು. ಆಮೇಲೆ ಫೋಟೊಕ್ಕೆ ಕೂರುವ ನಾಲ್ಕು ಪುಟ ತೆಗೆದುಕೊಡು ಎಂದಳು. ತಿರುಗಿಸಿ ನೋಡಿ, ಸಹಿ ಹಾಕಿದ ಮೇಲೆ ಎಲ್ಲಿ ಹೋದರು ಎಂದು ಕೇಳಿದಳು. ಎಲ್ಲಿಗೂ ಇಲ್ಲ, ಮನೆಗೆ, ಎಂದೆ. ತಲೆ ಅಲ್ಲಾಡಿಸಿದಳು.

1987ರಲ್ಲಿ ಅಜ್ಜ ತೀರಿಕೊಂಡ ಮೇಲೆ ಆಯಿ ಒಂದು ಕಾಗದಕ್ಕೆ ಸಹಿ ಹಾಕಿದ್ದಳು. ಅದು ನಮಗೆ ಗೊತ್ತಿತ್ತು, ಆದರೆ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಅಂದು ಮಾತಾಡಿದಳು. ಕಚೇರಿಯಿಂದ ಹೊರಗೆ ಬಂದ ಮೇಲೆ ಅವಳ ಅಣ್ಣ, ನನ್ನ ದೊಡ್ಡ ಸೋದರಮಾವ, ಹೋಟೆಲಿಗೆ ಕರೆದುಕೊಂಡು ಹೋದನಂತೆ. ಮಸಾಲೆ ದೋಸೆ ತರಿಸಿದನಂತೆ. ಇಬ್ಬರೂ ಎದುರುಬದುರು ಕೂತು ತಿಂದರಂತೆ. ಅವನು ಇನ್ನೊಂದು ತಿನ್ನು ಎಂದನಂತೆ.

"ದೋಸೆ ಚೊಲೋ ಇದ್ದಿತ್ತು" ಎಂದಳು ಆಯಿ.

ನಾನು ಏನೂ ಹೇಳಲಿಲ್ಲ.

"ಅಣ್ಣ ಪಾಕೀಟು ಮರೆತು ಬಂದಿದ್ದ. ದುಡ್ಡು ಆನೇ ಕೊಟ್ಟಿದ್ದು."

ಆ ದೋಸೆ ಈಗ ಒಂಬತ್ತನೇ ಪುಟದಲ್ಲಿದೆ. ಮೊನ್ನೆ ಮತ್ತೆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಈ ಸಲ 188 ಪುಟ. ಹುಡುಗ ಮೊದಲ ಪ್ರತಿ ಹೊರಬರುತ್ತಿದ್ದಂತೆ ನಿಂತಲ್ಲೇ ಓದತೊಡಗಿದ. ಒಂಬತ್ತನೇ ಪುಟ ಮುಗಿಸಿ ನನ್ನ ಕಡೆ ತಿರುಗಿದ.

"ದುಡ್ಡನ್ನೂ ಇವ್ರೇ ಕೊಟ್ರಾ?" ಎಂದ.